ನಕ್ಷೆಯಲ್ಲಿ ಗೌಡರ ಮನೆ

ಶಾಲೆಯ ಗೋಡೆಗೆ ಊರಿನ ನಕ್ಷೆ ಬಿಡಿಸಿದ್ದೇ ತಡ, ಅತಿಥಿ ಶಿಕ್ಷಕಿ ರತ್ನಪ್ರಭಾಳ ಕೆಲಸಕ್ಕೆ ಕುತ್ತು ಬಂತು. ನಕ್ಷೆಯಲ್ಲಿ ಉತ್ತರ ದಿಕ್ಕು ಮೇಲಿರುವುದು ರೂಢಿ. ಆ ರೂಢಿಗೆ ಶಾಲಾ ಸಮಿತಿ ಅಧ್ಯಕ್ಷ ಪುಟ್ಟಸಿದ್ದೇಗೌಡರ ಪರಿಚಯ ಇರಲಿಲ್ಲ. ಅವರ ಮನೆ ಊರಿನ ದಕ್ಷಿಣಕ್ಕಿತ್ತು. ಉತ್ತರದಲ್ಲಿ ಅವರ ದಾಯಾದಿ ಕಾಳೇಗೌಡನ ಮನೆ.

"ಅವನು ಮೇಲೆ, ನಾನು ಕೆಳಗಾ? ನಾಳೆ ಬೆಳಗ್ಗೆ ನನ್ನ ಮನೆ ಮೇಲಿರಬೇಕು ಟೀಚರಮ್ಮ. ಇಲ್ದಿದ್ರೆ ಬೇರೆ ಟೀಚರ್ ಬರ್ತಾರೆ."

ನಕ್ಷೆ ತಿರುಗಿಸಿದರೆ ಈಗಷ್ಟೇ ದಿಕ್ಕು ಕಲಿಯುತ್ತಿರುವ ಮಕ್ಕಳು ಕಂಗಾಲಾಗುತ್ತಾರೆ. ಬಿಟ್ಟರೆ ಕೆಲಸ ಹೋಗುತ್ತದೆ. ರತ್ನಪ್ರಭಾಗೆ ಊಟ ಸೇರಲಿಲ್ಲ.

ಬೆಳಗ್ಗೆ ಗೌಡರು ಬರುವಷ್ಟರಲ್ಲಿ ಅವಳು ತರಗತಿಯ ಬಾಗಿಲ ಮುಂದೆ, ಜಗಲಿಯ ನೆಲದ ಮೇಲೆ, ಸೀಮೆಸುಣ್ಣದಲ್ಲಿ ಇನ್ನೊಂದು ನಕ್ಷೆ ಬಿಡಿಸಿದ್ದಳು.

"ನೆಲದಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ ಗೌಡ್ರೇ. ಉತ್ತರದ ಕಡೆ ನಿಂತು ನೋಡಿ, ನಿಮ್ಮ ಮನೇನೇ ಮೇಲೆ. ಗೋಡೆಯದನ್ನ ಅಳಿಸಿಬಿಡ್ತೀನಿ."

ಗೌಡರು ನಿಂತು ನೋಡಿದರು. ಮೀಸೆ ತಿರುವಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಮಕ್ಕಳೆಲ್ಲ ಗೌಡರ ಮನೆಯನ್ನು ತುಳಿದುಕೊಂಡೇ ಒಳಗೆ ನುಗ್ಗಿದರು.

"ಏಯ್! ನನ್ನ ಮನೆ ಮೇಲೆ ಕಾಲು!"

"ಏನ್ ಮಾಡೋದು ಗೌಡ್ರೇ, ಬಾಗಿಲು ದಕ್ಷಿಣಕ್ಕಿದೆ, ನಿಮ್ಮ ಮನೆ ಹೊಸ್ತಿಲ ಪಕ್ಕಕ್ಕೇ ಬಂತು."

"ಕಾಳೇಗೌಡನ ಮನೆ?"

"ಆ ಕಡೆ ಯಾರೂ ಓಡಾಡಲ್ಲ."

ಗೌಡರ ಮುಖ ಕಪ್ಪಿಟ್ಟಿತು.

"ಗೋಡೆದು ಇದ್ದ ಹಾಗೇ ಇರ್ಲಿ. ಮೊದಲು ಇದನ್ನ ಅಳ್ಸಮ್ಮ!"

ಬಕೆಟ್ಟಿನಲ್ಲಿ ನೀರು ತರಲು ಗೌಡರೇ ಓಡಿದರು.