ಸಾಕಮ್ಮ ಬರೆದ ಮೂರನೇ ಅರ್ಜಿ

ಮುಸುಕು ತೆಗಿ ಮೇಘು. ನಾಳೆ ಇಂಗ್ಲಿಷ್ ಟೆಸ್ಟು ಅಂತ ಈಗಿಂದಲೇ ನಡುಗಿದ್ರೆ ಟೆಸ್ಟೇನು ಓಡಿಹೋಗುತ್ತಾ? ಈ ಅಜ್ಜಿಗೆ ಆ ಎಬಿಸಿಡಿ ಬರಲ್ಲ, ಕತೆ ಬರುತ್ತೆ. ಹೂಂ ಅಂತಿರಬೇಕು, ಇಲ್ಲಾಂದ್ರೆ ಕತೆ ಅಲ್ಲೇ ನಿಂತುಬಿಡುತ್ತೆ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಹಾಲುಹಲ್ಲು ಬಿದ್ದಿರದ ಕಾಲದಲ್ಲಿ, ನೆಲ್ಲಿಪುರ ಅಂತ ಒಂದು ಊರಿತ್ತಂತೆ. ಆ ಊರಲ್ಲಿ ಕೆಂಚಮ್ಮ ಅಂತ ಒಬ್ಬ ಸೂಲಗಿತ್ತಿ, ಅವಳಿಗೆ ಮೂರು ಹೆಣ್ಣುಮಕ್ಕಳಂತೆ. ಮೂರನೇದೂ ಹೆಣ್ಣೇ ಆದಾಗ, ಸಾಕಪ್ಪಾ ಸಾಕು ಅಂತ ಸಾಕಮ್ಮ ಅಂತಲೇ ಹೆಸರಿಟ್ಟರಂತೆ. ಆ ಹುಡುಗಿ ಯಾರಾದ್ರೂ ಬಂದ್ರೆ ಬಾಗಿಲ ಹಿಂದೆ, ಉಣ್ಣೋಕೆ ಕೂತ್ರೆ ಕೊನೇಲಿ.

ಅವರಪ್ಪ ಪಾದ್ರಿಗಳ ಶಾಲೇಲಿ ಗಂಟೆ ಹೊಡೀತಿದ್ದನಂತೆ. ಕಿಟಕಿ ಆಚೆ ನಿಂತು ಇಂಗ್ಲಿಷ್ ಕಲಿತು, ಮಕ್ಕಳಿಗೂ ಮರಳ ಮೇಲೆ ತಿದ್ದಿಸಿದನಂತೆ. ಆ ಭಾಷೇಲಿ ಒಂದೊಂದು ಅಕ್ಷರಕ್ಕೂ ಎರಡೆರಡು ರೂಪ, ದೊಡ್ಡದೊಂದು, ಚಿಕ್ಕದೊಂದು. ಎರಡೂ ಕಲಿತ. ಆದ್ರೆ ಯಾವುದನ್ನ ಎಲ್ಲಿ ಬರೀಬೇಕು ಅಂತ ಮೇಷ್ಟ್ರು ಬಾಯಿ ತೆಗೆಯೋ ಹೊತ್ತಿಗೆ ಸರಿಯಾಗಿ ಗಂಟೆ ಹೊಡಿಯೋ ಸಮಯ ಆಗಿಬಿಡೋದಂತೆ, ಪಾಪ, ಓಡಿಹೋಗೋನಂತೆ. ಹಾಗೇ ಅರ್ಧಂಬರ್ಧ ಕಲಿತು, ಅರ್ಧಂಬರ್ಧ ಕಲಿಸಿ, ಒಂದಿನ ತೀರಿಕೊಂಡನಂತೆ.

ಆಮೇಲೆ ಏನಾಯ್ತು ಅಂದ್ರೆ, ಊರ ಹೊರಗಿನ ದಿಣ್ಣೆ ಮೇಲೆ ಒಬ್ಬ ಇಂಗ್ಲಿಷ್ ದೊರೆ ಬಂಗಲೆ ಕಟ್ಟಿಸಿ, ಸುತ್ತ ತೋಟ ಮಾಡಿಸಿ, ಒಂದೆಲೆ ಕಿತ್ತರೂ ಶಿಕ್ಷೆ ಅಂತ ಡಂಗುರ ಹೊಡೆಸಿದನಂತೆ. ಅದೇ ಹೊತ್ತಿಗೆ ಕುಂಬಾರರ ಸೊಸೆಗೆ ಹೆರಿಗೆ ನೋವು, ಎರಡು ದಿನ ಆದ್ರೂ ಮಗು ಬರ್ತಿಲ್ಲ. ಬೇಕಾದ ಬೇರು ಇದ್ದದ್ದು ದೊರೆ ತೋಟದಲ್ಲೇ. ಕೆಂಚಮ್ಮ ಬೇಲಿ ಹಾರಿ ಬೇರು ಕಿತ್ಕೊಂಡು ಬಂದಳಂತೆ. ತಾಯಿ ಮಗು ಇಬ್ಬರೂ ಬದುಕಿದರು, ಕೆಂಚಮ್ಮ ಸಿಕ್ಕಿಬಿದ್ದಳು. ದೊರೆ ಅವಳನ್ನ ಬಂಗಲೆ ಹಿಂದಿನ ಕೋಣೇಲಿ ಕೂಡಿಹಾಕಿ, ಮೂರು ಸೋಮವಾರ ಕಾಯ್ತೀನಿ, ವಾರಕ್ಕೊಂದು ಅರ್ಜಿ ತಗೋತೀನಿ, ಇಂಗ್ಲಿಷಲ್ಲಿ ಇರಬೇಕು, ತಪ್ಪಿರಬಾರದು, ಇಲ್ಲಾಂದ್ರೆ ಹಡಗು ಹತ್ತಿಸಿ ಕರಿನೀರಿಗೆ ಕಳಿಸ್ತೀನಿ ಅಂದನಂತೆ.

ಸಾಕಮ್ಮ ತಟ್ಟೆ ಬಿಟ್ಟೆದ್ದು ಬಾಗಿಲಿಗೆ ಬರೋದು, ದಿಣ್ಣೆ ಕಡೆ ನೋಡೋದು, ಅವ್ವ ಉಂಡಳೋ ಇಲ್ಲವೋ ಅನ್ನೋದು, ಮತ್ತೆ ನೋಡೋದು.

ಮೊದಲನೇ ಸೋಮವಾರ ದೊಡ್ಡಕ್ಕ ಬರೆದಳಂತೆ. ನಮ್ಮ ಕನ್ನಡದಲ್ಲಿ ಅಕ್ಷರಕ್ಕೆ ಮೇಲು ಕೀಳು ಉಂಟಾ, ಇವರದ್ದೇನು ಹೊಸದು ಅಂತ ಎಲ್ಲಾ ಚಿಕ್ಕಕ್ಷರದಲ್ಲೇ ಬರೆದಳಂತೆ. ಸಾಯಂಕಾಲ, ದೊರೆ ಸಹವಾಸದಲ್ಲಿ ಇಂಗ್ಲಿಷ್ ಕಲಿತಿದ್ದ ಬಾಗಿಲ ಜವಾನ ಮುನಿಯಪ್ಪ ಅರ್ಜಿ ವಾಪಸ್ ತಂದ. ಇದೇನವ್ವ, ಇರುವೆ ಸಾಲು ಹರಿದಂಗಿದೆಯಂತೆ, ಮಾತು ಎಲ್ಲಿ ಶುರುವಾಯ್ತು ಅಂತ ದೊರೆಗೆ ತಿಳೀಲಿಲ್ಲವಂತೆ, ಒಂದೊಂದು ವಾಕ್ಯ ಶುರುವಾಗೋ ಕಡೆಗೂ ದೊಡ್ಡಕ್ಷರ ಬೇಕಂತೆ ಅಂದ.

ಎರಡನೇ ಸೋಮವಾರ ನಡುವಿನಕ್ಕ ಬರೆದಳಂತೆ. ಅವಳಿಗೆ ಹೆದರಿಕೆ ಜಾಸ್ತಿ. ದೊರೆಗೆ ಮರ್ಯಾದೆ ಕಮ್ಮಿ ಆಗಿದ್ದಕ್ಕೇ ಹಿಂಗಾಯ್ತು ಅಂತ ವಾಕ್ಯದ ಮೊದಲಿಗೂ ದೊಡ್ಡಕ್ಷರ, ದೊರೆ ಹೆಸರಿಗೂ ದೊಡ್ಡಕ್ಷರ, ಆಮೇಲೆ ದೊರೆ ಕುದುರೆಗೆ, ದೊರೆ ನಾಯಿಗೆ, ದೊರೆ ಕೂರೋ ಕುರ್ಚಿಗೆ, ಎಲ್ಲದಕ್ಕೂ ದೊಡ್ಡಕ್ಷರ. ಅದೂ ವಾಪಸ್ ಬಂತು. ಮುನಿಯಪ್ಪ ತಲೆ ಕೆರ್ಕೊಂಡು, ಮದುವೆ ಮನೇಲಿ ಎಲ್ಲರೂ ಪೇಟ ಸುತ್ಕೊಂಡ್ರೆ ಮದುಮಗ ಯಾರವ್ವ? ಮನುಷ್ಯರ ಹೆಸರಿಗೆ, ಊರ ಹೆಸರಿಗೆ, ವಾರಕ್ಕೆ, ತಿಂಗಳಿಗೆ ದೊಡ್ಡದು. ಕುರ್ಚಿಗೆ ಯಾಕೆ? ಅಂದನಂತೆ.

ಉಳಿದದ್ದು ಒಂದೇ ಸೋಮವಾರ. ಅಕ್ಕಂದಿರಿಬ್ಬರೂ ನಮ್ಮ ಕೈಲಾಗಲ್ಲ ಅಂತ ಮೂಲೆ ಸೇರಿ ಅತ್ತರಂತೆ. ಕೊನೇಗೆ ಸಾಕಮ್ಮನೇ ಕಾಗದ ಎಳ್ಕೊಂಡಳಂತೆ. ಆರು ದಿನ ಮರಳ ಮೇಲೆ ಬರೆದಳು, ಅಳಿಸಿದಳು, ಬರೆದಳು. ವಾಕ್ಯ ಶುರುವಾಗೋ ಕಡೆ ದೊಡ್ಡದು. ಕೆಂಚಮ್ಮ ಅನ್ನೋದಕ್ಕೆ ದೊಡ್ಡದು. ನೆಲ್ಲಿಪುರಕ್ಕೆ, ಸೋಮವಾರಕ್ಕೆ ದೊಡ್ಡದು. ಬೇರಿಗೆ ಚಿಕ್ಕದು, ಬೇಲಿಗೆ ಚಿಕ್ಕದು. ಕೊನೇ ಸಾಲು, ಅವಳ ಮಗಳು ನಾನು ಅವಳಿಗೆ ಹೊಣೆ ಅಂತ. ಅದನ್ನ ಬರೆಯೋವಾಗ ಅವಳ ಕೈ ತಾನಾಗೇ ಮುದುರಿಕೊಂಡಿತಂತೆ.

ಸೋಮವಾರ ಹೊತ್ತು ಮುಳುಗೋಕೆ ಇನ್ನೇನು ಮಾರುದ್ದ ಇದೆ ಅನ್ನೋವಾಗ ಬಂಗಲೆ ಬಾಗಿಲಿಗೆ ಓಡಿದಳಂತೆ. ಬಂದರಿಗೆ ಹೋಗೋ ಗಾಡಿಗೆ ಎತ್ತು ಕಟ್ಟಿಯಾಗಿತ್ತು. ಮೊದಲೆರಡು ಸಲ ಮುನಿಯಪ್ಪ ಅರ್ಜಿ ಓದದೇ ಒಳಗೆ ಕೊಟ್ಟಿದ್ದ. ಆದ್ರೆ ಅವನ ನಾಲ್ಕು ಮಕ್ಕಳನ್ನೂ ಭೂಮಿಗಿಳಿಸಿದವಳು ಕೆಂಚಮ್ಮನೇ ಅಲ್ವಾ, ಈ ಸಲ ಮನಸ್ಸು ತಡೀದೆ ಓದಿದನಂತೆ. ಓದಿ, ಎಲ್ಲಾ ಸರಿ ಇದೆ ಮಗಾ, ಆದ್ರೆ ಇದರಲ್ಲಿ ನೀನೆಲ್ಲಿದೀಯ ಅಂತ ಕೇಳಿದ.

ಇದೀನಲ್ಲಣ್ಣ, ಅಲ್ಲಿ, ಕೆಳಗೆ ಅಂದಳಂತೆ.

ನೋಡಿದ್ರೆ ನಾನು ಅನ್ನೋ ಕಡೆ ಒಂದು ಚಿಕ್ಕ ಐ, ತಲೆ ಮೇಲೊಂದು ಬೊಟ್ಟಿಟ್ಟುಕೊಂಡು, ಗಾಳಿ ಬಂದ್ರೆ ಹಾರಿಹೋಗೋ ಹಂಗೆ ಕೂತಿತ್ತಂತೆ. ಮುನಿಯಪ್ಪ ಹೇಳಿದನಂತೆ, ಈ ಭಾಷೇಲಿ ನಾನು ಅಂದ್ರೆ ಒಂದೇ ಅಕ್ಷರ, ಅದು ಸಾಲಿನ ಎಲ್ಲೇ ಬರಲಿ ದೊಡ್ಡದೇ. ದೊರೆ ಬರೆದ್ರೂ ಅಷ್ಟೇ, ತೋಟಿ ಬರೆದ್ರೂ ಅಷ್ಟೇ. ಕಂಬದ ಹಂಗೆ ನೆಟ್ಟಗೆ ನಿಲ್ಲಬೇಕು.

ಸಾಕಮ್ಮ ಯೋಚಿಸಿದಳಂತೆ. ದೊಡ್ಡೋರ ಮುಂದೆ ತಲೆ ತಗ್ಗಿಸು ಅಂತ ಅವ್ವನೇ ಕಲಿಸಿದಾಳೆ, ಈಗ ದೊರೆ ಹೆಸರಿನಷ್ಟೇ ಎತ್ತರಕ್ಕೆ ನನ್ನ ನಿಲ್ಲಿಸಿದ್ರೆ, ದೊರೆಗೆ ಸಿಟ್ಟು ಬಂದ್ರೆ, ಅವ್ವನ್ನ ಈಗಲೇ ಗಾಡಿ ಹತ್ತಿಸಿದ್ರೆ? ಮುನಿಯಪ್ಪ ಲೇಖನಿ ಚಾಚಿದ, ಅವಳು ಇಸ್ಕೊಂಡಳಂತೆ. ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಅವ್ವ ಕೆಮ್ಮಿದ್ದು ಕೇಳಿಸ್ತು. ಕೇಳಿಸಿದ್ದೇ ತಡ, ಆ ಚುಕ್ಕೆ ಮೇಲೇ ಉದ್ದಕ್ಕೊಂದು ಗೀಟು ಎಳೆದಳಂತೆ. ಅವಸರಕ್ಕೆ ಗೀಟು ಸೊಟ್ಟಗಾಯ್ತು. ಆದ್ರೂ ನಿಂತಿತ್ತು.

ದೊರೆ ಅರ್ಜಿ ಓದಿ, ಜಗಲಿಗೆ ಬಂದು, ಇದರಲ್ಲಿ ನಾನು ಅಂದಿರೋದು ಯಾರು ಅಂತ ಮುನಿಯಪ್ಪನ ಬಾಯಲ್ಲಿ ಕೇಳಿಸಿದನಂತೆ. ಪಕ್ಕದಲ್ಲೇ ಕಂಬ ಇತ್ತು. ಸಾಕಮ್ಮನ ಕಾಲು ಅದರ ಹಿಂದಕ್ಕೆ ಸರಿಯೋಕೆ ಹೊರಟಿತ್ತು. ಅವಳು ಸರೀಲಿಲ್ಲ. ನಾನು, ಅಂದಳಂತೆ.

ಆಗ ದೊರೆ ಹೇಳಿದನಂತೆ, ಎರಡು ಅರ್ಜಿ ಓದಿದೆ, ಎರಡರಲ್ಲೂ ಬರೀ ಅಳು. ಕೆಂಚಮ್ಮನ್ನ ಬಿಟ್ಟುಕಳಿಸಿದ್ರೆ ಯಾರ ಕೈಗೆ ಒಪ್ಪಿಸಲಿ ಅಂತ ಬರೆದೇ ಇರಲಿಲ್ಲ. ಈಗ ಒಬ್ಬಳು ಹೊಣೆಗೆ ನಿಂತಳು, ಕರ್ಕೊಂಡು ಹೋಗಲಿ, ಬೇರು ಬೇಕಾದಾಗ ಬಾಗಿಲಲ್ಲೇ ಬರಲಿ. ಎತ್ತು ಬಿಚ್ಚಿಸಿ, ಅರ್ಜಿ ಸಾಕಮ್ಮನ ಕೈಗೇ ವಾಪಸ್ ಕೊಟ್ಟನಂತೆ.

ಅವ್ವ ಹೊರಗೆ ಬಂದವಳೇ ಮಗಳ ಕೈಲಿದ್ದ ಕಾಗದ ಇಸ್ಕೊಂಡಳಂತೆ. ಅವಳಿಗೆ ಓದೋಕೆ ಬರಲ್ಲ. ಸುಮ್ಮನೆ ಬೆರಳಾಡಿಸ್ತಾ ಆಡಿಸ್ತಾ ಕೊನೇ ಸಾಲಿಗೆ ಬಂದು, ಇದ್ಯಾರೇ ಇದು, ಇಷ್ಟು ಸೊಟ್ಟಗೆ ಒಬ್ಬಳೇ ನಿಂತಿರೋಳು ಅಂದಳಂತೆ.

ನಾನೇ ಕಣವ್ವ, ಅಂದಳಂತೆ ಸಾಕಮ್ಮ.

ಆ ದಿನ ಅವ್ವ ಅವಳಿಗೇ ಮೊದಲು ಬಡಿಸಿದಳಂತೆ. ಕತೆ ಮುಗೀತು, ಅವರು ಅಲ್ಲಿ ಉಂಡು ಮಲಗಿದರು, ನೀನಿಲ್ಲಿ ಕಣ್ಣು ಮುಚ್ಚು. ಮೇಘು? ಹೂಂ ಅನ್ನೋದು ನಿಂತೇ ಹೋಯ್ತಲ್ಲ. ಮಲಗು ಕಂದ, ನಾಳೆ ಗೀಟು ಸೊಟ್ಟಗಾದ್ರೂ ಪರವಾಗಿಲ್ಲ.