ಬರಿಗಲ್ಲಿನ ಸಪ್ಪಳ

“ಗುರುಗಳೇ, ಊರಿಗೆ ಹೋಗಿದ್ದೆ. ನಮ್ಮ ಮನೆಯ ಒರಳು, ಒನಕೆ ಎರಡನ್ನೂ ಅವ್ವ ಯಾರಿಗೋ ಕೊಟ್ಟುಬಿಟ್ಟಿದ್ದಾಳೆ. ನಗುನಗುತ್ತಾ ಕೊಟ್ಟಳಂತೆ. ಅವಳ ಅರ್ಧ ಆಯುಷ್ಯ ಆ ಒರಳಿನ ಮುಂದೆಯೇ ಕಳೆದಿತ್ತು. ಅವಳಿಗೆ ಆಗದ ನೋವು ನನಗೇಕೆ ಆಗುತ್ತಿದೆ?” ಎಂದು ಶಿಷ್ಯ ಕೇಳಿದ. ಅವನ ದನಿಯಲ್ಲಿ ತಾಯಿಯ ಮೇಲೆ ಸಿಟ್ಟೂ ಇತ್ತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಜವಳಿ ವ್ಯಾಪಾರಿಯಿದ್ದ. ಊರಿನ ಹೆಸರು ಬೇಡ. ಬೀಸುವ ಕಲ್ಲು ಹಿತ್ತಲು ಸೇರಿದ ಊರೆಲ್ಲ ಅದೇ ಊರು. ಮನೆಯಲ್ಲಿ ಮುದಿ ತಾಯಿ, ಹೆಂಡತಿ. ಉಣ್ಣಲು ಉಡಲು ಕೊರತೆಯಿರಲಿಲ್ಲ. ಆದರೂ ಊಟಕ್ಕೆ ಕೂತರೆ ಸಾಕು, ರೊಟ್ಟಿ ಮುರಿಯುವ ಮೊದಲೇ ಗಿರಣಿಯನ್ನು ಬೈಯುತ್ತಿದ್ದ. ಗಿರಣಿ ಬಂದು ರೊಟ್ಟಿಯ ರುಚಿ ಕೆಡಿಸಿತು, ಮನೆಯ ಕಳೆ ಹಾಳು ಮಾಡಿತು ಎನ್ನುತ್ತಿದ್ದ. ಚಿಕ್ಕಂದಿನಲ್ಲಿ ಅವನು ಬೀಸುವ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದ. ಕಲ್ಲಿನ ಸಪ್ಪಳ ಕೇಳುತ್ತಾ ಬಂದ ಆ ನಿದ್ದೆ ಮತ್ತೆ ಯಾವ ಹಾಸಿಗೆಯಲ್ಲೂ ಬರಲಿಲ್ಲ. ಅದಕ್ಕಾಗಿ ಅವನ ಜೀವ ನಿಜಕ್ಕೂ ಹಂಬಲಿಸುತ್ತಿತ್ತು.

ಒಂದು ದಿನ ಹಟ ಹಿಡಿದು ಕಲ್ಲನ್ನು ಹಿತ್ತಲಿನಿಂದ ತರಿಸಿದ. ಕಲ್ಲುಕುಟಿಗನನ್ನು ಕರೆಸಿ ಉಳಿ ಹೊಡೆಸಿದ. ತೊಳೆದು ಪಡಸಾಲೆಯಲ್ಲಿ ಇಟ್ಟು ಹೆಂಡತಿಯನ್ನು ಕರೆದ.

“ನಾಳಿಂದ ಗಿರಣಿ ಹಿಟ್ಟು ಬ್ಯಾಡ. ದಿನಾ ಇದರಾಗ ಬೀಸು,” ಎಂದ.

“ನಿಮ್ಮ ನಾಲಿಗಿ ರುಚಿಗೆ ನನ್ನ ರಟ್ಟಿ ಮುರೀಬೇಕೇನು? ದೂರದ ಬೆಟ್ಟ ನುಣ್ಣಗ ಕಾಣತದ. ಮೊದಲ ನೀವು ಬೀಸಿ ತೋರಸ್ರಿ,” ಎಂದಳು ಹೆಂಡತಿ.

ಮಾತು ಬಂದ ಮೇಲೆ ಹಿಂದೆ ಸರಿದಾನೆಯೇ? ಪಂಚೆ ಮೇಲೆ ಕಟ್ಟಿ ಕೂತ. ಕಲ್ಲಿನ ಬಾಯಿಗೆ ಒಂದು ಹಿಡಿ ಜೋಳ ಹಾಕಿ, ಗೂಟ ಹಿಡಿದು ತಿರುಗಿಸಿದ. ಹಿಟ್ಟು ಉದುರಿತು. ಆದರೆ ಸಪ್ಪಳ ಮಂದವಾಗಿತ್ತು. ಇನ್ನೊಂದು ಹಿಡಿ ಹಾಕಿದ. ಆಗಲೂ ಹಾಗೇ. ಕಲ್ಲುಕುಟಿಗ ಕೆಡಿಸಿದನೇನೋ ಎಂದು ಗೊಣಗುತ್ತಾ ತಿರುಗಿಸುತ್ತಲೇ ಇದ್ದ. ಅಷ್ಟರಲ್ಲಿ ಕಾಳು ಮುಗಿಯಿತು. ಕಲ್ಲಿಗೆ ಕಲ್ಲು ತಾಗಿ ಗರಗರ ಎಂದಿತು.

ಅವನ ಕಣ್ಣು ತುಂಬಿ ಬಂತು. “ಇದ! ಇದ ನೋಡು ಅವ್ವನ ಕಲ್ಲಿನ ಸಪ್ಪಳ!” ಎಂದು ಕೂಗಿದ.

ಬರಿಗಲ್ಲು ಬೀಸಬಾರದೆಂದು ಹೆಂಗಸರಲ್ಲಿ ಒಂದು ಕಟ್ಟಳೆಯಿದೆ. ಬೀಸಿದರೆ ಮನೆಗೆ ಬಡತನ ಬರುತ್ತದಂತೆ. ಹೆಂಡತಿ ಗಾಬರಿಯಾಗಿ ಕಾಳಿನ ಮೊರವನ್ನು ಮುಂದೆ ತಳ್ಳಿದಳು. ಅವನು ಅತ್ತ ನೋಡಲೂ ಇಲ್ಲ. ಅಂಗಳದ ಬಿಸಿಲಿನಲ್ಲಿ ಕೂತಿದ್ದ ತಾಯಿ ಎದ್ದಳು. ಗೋಡೆ ಹಿಡಿದುಕೊಂಡು ಒಳಗೆ ಬಂದು ಗೂಟದ ಮೇಲೆ ಕೈಯಿಟ್ಟು ಕಲ್ಲು ನಿಲ್ಲಿಸಿದಳು.

“ಸಾಕು ಬಿಡಪ್ಪಾ. ಕಾಳಿದ್ದಾಗ ಕಲ್ಲು ಹಿಂಗ ಒದರಂಗಿಲ್ಲ. ಇದು ಮನ್ಯಾಗ ಕಾಳಿಲ್ಲದ ದಿನದ ಸಪ್ಪಳ. ನೀ ಹಸದು ಅಳತಿದ್ದಿ. ಬರಿಗಲ್ಲು ತಿರುವಿದ್ರ, ಅವ್ವ ಬೀಸಾಕತ್ಯಾಳ, ರೊಟ್ಟಿ ಆಗತಾವ ಅಂತ ನಂಬಿ ನಿದ್ದಿ ಹೋಗತಿದ್ದಿ. ಗ್ವಾಡಿ ಆಚೀ ಮಂದೀನೂ ನಂಬತಿದ್ರು. ಗಿರಣಿ ಬಂತು, ಊರಾಗಿನ ಕಲ್ಲೆಲ್ಲಾ ಸುಮ್ಮನಾದವು. ನನ್ನ ಕಲ್ಲು ಸುಮ್ಮನಿದ್ರೂ ಯಾರೂ ಏನೂ ಅನ್ನಲಿಲ್ಲ. ಅವತ್ತ ನಾ ಉಸಿರು ಬಿಟ್ಟೆ ನೋಡು.”

ವ್ಯಾಪಾರಿ ಗೂಟದಿಂದ ಕೈ ತೆಗೆದ. ಮೊದಲು ನಾಚಿಕೆಯಾಯಿತು. ಆಮೇಲೆ, ಹೇಳಿದರೆ ನೀನು ನಂಬುವುದಿಲ್ಲ, ಎದೆ ಹಗುರವಾಯಿತು. ಏನೋ ದೊಡ್ಡ ಸುಖ ಕೈತಪ್ಪಿ ಹೋಯಿತೆಂದು ಇಷ್ಟು ವರ್ಷ ಕೊರಗುತ್ತಿದ್ದ. ಹೋದದ್ದು ಹಸಿವು. ಹೋಗಲಿ ಬಿಡು ಎಂದುಕೊಂಡ. ತಾಯಿಯನ್ನು ಕೈಹಿಡಿದು ಕೂರಿಸಿದ. ಕಲ್ಲನ್ನು ತಾನೇ ಹೊತ್ತು ಹಿತ್ತಲಿನಲ್ಲಿಟ್ಟು ಬಂದ.

“ನೀವು ಬೀಸಿದ್ದು ಒಂದು ರೊಟ್ಟಿಗೂ ಸಾಲಂಗಿಲ್ಲ,” ಎಂದು ಹೆಂಡತಿ ಜೋಳದ ಚೀಲವನ್ನು ಅವನ ಹೆಗಲಿಗೇರಿಸಿದಳು. ಅವನು ಗಿರಣಿಯ ದಾರಿ ಹಿಡಿದ. ಆ ದಿನ ಮೂವರೂ ಹೊಟ್ಟೆ ತುಂಬ ಉಂಡರು, ರೊಟ್ಟಿಯ ರುಚಿಯ ಮಾತು ಯಾರೂ ಎತ್ತಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, “ಹಾಗಾದರೆ ಅವನ ಆ ಸಿಹಿ ನೆನಪು ಸುಳ್ಳೇ?” ಎಂದ.

“ಸುಳ್ಳಲ್ಲ, ಅದು ನಿದ್ದೆ ಹೋದವನ ನೆನಪು, ನಿನ್ನ ಮನೆಯಲ್ಲಿ ಎಚ್ಚರವಿದ್ದವಳನ್ನು ನೀನಿನ್ನೂ ಕೇಳಿಲ್ಲ.”