ಮೂರನೇ ಪೆಟ್ಟಿಗೆ, ಎರಡನೇ ಖಾನೆ

ಒಂದಾನೊಂದು ಊರಿನಲ್ಲಿ, ಊರಿಗಿಂತ ಮುಂಚೆ ನಕ್ಷೆ ಹುಟ್ಟಿತ್ತು. ನಗಬೇಡಿ, ನಕ್ಕರೆ ಕತೆ ಇಲ್ಲಿಗೇ ನಿಲ್ಲಿಸ್ತೀನಿ. ಬೇರೆ ಊರುಗಳಲ್ಲಿ ಮನೆ ಕಟ್ಟಿ ಆಮೇಲೆ ನಕ್ಷೆ ಬರೀತಾರೆ. ಇಲ್ಲಿ ನಕ್ಷೆ ಬರೆದರೆ ಮನೆ ತಾನೇ ಎದ್ದು ನಿಲ್ಲುತ್ತಿತ್ತು. ನಕ್ಷೆಯಲ್ಲಿ ಹುಣಿಸೆಮರ ಬರೆದರೆ ಸಂಜೆಗೆಲ್ಲ ಮಕ್ಕಳು ಅದಕ್ಕೆ ಕಲ್ಲು ಹೊಡೀತಿದ್ದರು. ಗೆರೆ ಡೊಂಕಾದರೆ ಬೀದಿ ಡೊಂಕು. ಮಸಿ ಚೆಲ್ಲಿದರೆ ಕೆರೆ. ಆ ಊರಿನಲ್ಲಿ ಏಳು ಕೆರೆ ಇದ್ದವು, ಅದರಲ್ಲಿ ಆರು ಕೈತಪ್ಪು.

ಕೈ ಯಾರದಪ್ಪಾ ಅಂದರೆ, ಮುದ್ದಾಚಾರಿಯದು. ಊರಿನ ನಕ್ಷೆಗಾರ ಅವನೇ. ಶುದ್ಧ ಸೋಮಾರಿ. ಆದರೆ ಸೋಮಾರಿಗಳಿಗೆ ಬುದ್ಧಿ ಒಂದು ಹಿಡಿ ಜಾಸ್ತಿ, ಇದು ನನ್ನ ಅನುಭವ. ಊರಿನ ದೊಡ್ಡ ನಕ್ಷೆಯಲ್ಲಿ ಅವನು ಒಂದು ಮನೆಯನ್ನೂ ಬರೆಯುತ್ತಿರಲಿಲ್ಲ. ಮನೆಗೊಂದು ಬೇರೆ ಹಾಳೆ ಮಾಡಿ, ಅರಮನೆಯ ನಕ್ಷೆಕೋಣೆಯಲ್ಲಿ ಹನ್ನೆರಡು ಮರದ ಪೆಟ್ಟಿಗೆಗಳ ಖಾನೆಗಳಲ್ಲಿ ಇಟ್ಟಿದ್ದ. ದೊಡ್ಡ ನಕ್ಷೆಯಲ್ಲಿ ಮನೆ ಬರಬೇಕಾದ ಜಾಗದಲ್ಲಿ ಬರೀ ವಿಳಾಸ. ‘ಐದನೇ ಪೆಟ್ಟಿಗೆ, ಏಳನೇ ಖಾನೆ’ ಅಂತ. ದೊಡ್ಡ ನಕ್ಷೆ ಗಳಿಗೆಗೊಮ್ಮೆ ಎದ್ದು ಆಕಳಿಸಿ, ವಿಳಾಸ ಓದಿಕೊಂಡು ಹೋಗಿ ಆ ಖಾನೆಯಲ್ಲಿ ಇಣುಕಿ ನೋಡುತ್ತಿತ್ತು. ಖಾನೆಯಲ್ಲಿ ಏನು ಇತ್ತೋ ಊರಿನಲ್ಲಿ ಅದು. ನೀವು ಈಗ ಕಂಪ್ಯೂಟರಿನಲ್ಲಿ ಒಂದು ಡ್ರಾಯಿಂಗಿನೊಳಗಿಂದ ಇನ್ನೊಂದು ಡ್ರಾಯಿಂಗಿಗೆ ಕೊಂಡಿ ಹಾಕಿ ಕೂತ್ಕೋತೀರಲ್ಲ, ಅದೇ ಸಂಗತಿ.

ಇದರಲ್ಲಿ ಸುಖ ಏನು ಅಂತ ಕೇಳ್ತೀರಿ. ಊರಿನ ನಾಲ್ಕು ಬೀದಿಯಲ್ಲಿ ನಾಲ್ಕು ಬಾವಿ. ಹಾಳೆ ಮಾತ್ರ ಒಂದೇ. ಹಾಳೆಯಲ್ಲಿ ಒಂದು ಮೆಟ್ಟಿಲು ಬರೆದರೆ ನಾಲ್ಕು ಬಾವಿಗೂ ಮೆಟ್ಟಿಲು ಬಂತು. ಒಮ್ಮೆ ಕುಂಬಾರಗೇರಿಯಲ್ಲಿ ಒಬ್ಬಳ ಬಿಂದಿಗೆ ಬಾವಿಗೆ ಬಿತ್ತು. ನಾಲ್ಕೂ ಬಾವಿಯಲ್ಲಿ ದುಡುಂ ಅಂತು. ನಾಲ್ಕು ಕೇರಿಯವರು ಪಾತಾಳಗರಡಿ ಇಳಿಬಿಟ್ಟು ನಾಲ್ಕು ಬಿಂದಿಗೆ ಎತ್ತಿಕೊಂಡು ಮನೆಗೆ ಹೋದರು. ಬಿಂದಿಗೆಯವಳು ಒಬ್ಬಳೇ ಅತ್ತಳು, ಅವಳಿಗೆ ಯಾವುದು ತನ್ನದು ಅಂತ ತಿಳಿಯಲಿಲ್ಲ.

ಮುದ್ದಾಚಾರಿಯ ಸ್ವಂತ ಮನೆ ಮೂರನೇ ಪೆಟ್ಟಿಗೆ, ಎರಡನೇ ಖಾನೆ. ಅದರೊಳಗೆ ಅವನ ಹೆಂಡತಿ ಚೆನ್ನಾಜಮ್ಮ. ಈ ಚೆನ್ನಾಜಮ್ಮನ ಕೈ ಸುಮ್ಮನಿರುತ್ತಿರಲಿಲ್ಲ. ಒಲೆಯ ಇದ್ದಲು ತಗೊಂಡು ಗೋಡೆ ಮೇಲೆ ಏನಾದರೂ ಗೀಚೋಳು. ಗೀಚಿದ್ದು ಪೆಟ್ಟಿಗೆಯ ಹಾಳೆಗೂ ಹೋಗಿ ಕೂರುತ್ತಿತ್ತು. ಇವತ್ತು ಒಂದು ಗೂಟ, ನಾಳೆ ಒಂದು ನುಗ್ಗೆಗಿಡ, ನಾಡಿದ್ದು ಬೆಕ್ಕು ಬರೋಕೆ ಒಂದು ಕಿಂಡಿ. ಮುದ್ದಾಚಾರಿ ಸಂಜೆ ಮನೆಗೆ ಬಂದರೆ ಹೊಸದೊಂದು ಕಾಲಿಗೋ ತಲೆಗೋ ತಾಗುತ್ತಿತ್ತು.

“ಇದೇನೇ ಇದು, ನಿನ್ನೆ ಇರಲಿಲ್ಲ?”

“ನಿನ್ನೆ ಬೇಕಿರಲಿಲ್ಲ,” ಅನ್ನೋಳು.

ಅವನು ಗೊಣಗುತ್ತಿದ್ದ. ಗೊಣಗೋದು ಬಾಯಿ ಅಷ್ಟೇ. ಮಧ್ಯಾಹ್ನದಿಂದಲೇ ಅವನಿಗೆ ಇವತ್ತು ಏನು ಬರೆದಿರಬಹುದು ಅನ್ನೋ ಯೋಚನೆ.

ಆ ಊರಿನ ರಾಜ ಓರಣರಾಯ. ಅವನಿಗೆ ಪ್ರಪಂಚದಲ್ಲಿ ಎಲ್ಲವೂ ಸಾಲಾಗಿ, ಸಣ್ಣದರಿಂದ ದೊಡ್ಡದಕ್ಕೆ ನಿಂತಿರಬೇಕು. ಸಾಂಬಾರಿನ ಬಟಾಣಿ ಸಾಲಾಗಿ ನಿಂತ ಮೇಲೆಯೇ ತುತ್ತು ಎತ್ತುತ್ತಿದ್ದ. ಮಂತ್ರಿಗಳನ್ನ ಎತ್ತರದ ಪ್ರಕಾರ ನಿಲ್ಲಿಸಿದ್ದ. ಬುದ್ಧಿವಂತ ಮಂತ್ರಿ ಕುಳ್ಳ, ಅವನು ಬಾಗಿಲಾಚೆ ನಿಂತಿದ್ದ, ಅವನ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ.

ಒಂದು ದಿವಸ ರಾಜ ದಾರಿ ತಪ್ಪಿ ನಕ್ಷೆಕೋಣೆಗೆ ಬಂದ. ಹನ್ನೆರಡು ಪೆಟ್ಟಿಗೆ. ಒಂದು ಉದ್ದ, ಒಂದು ಗಿಡ್ಡ, ಮತ್ತೆ ಒಂದು ಉದ್ದ. ರಾಜ ಕಣ್ಣು ಮುಚ್ಚಿಕೊಂಡ.

“ಇವನ್ನ ಗಿಡ್ಡದರಿಂದ ಉದ್ದಕ್ಕೆ ಜೋಡಿಸಿ,” ಅಂದ.

ಊಟದ ಹೊತ್ತಿಗೆ ಜೋಡಿಸಿದರು. ರಾಜ ಎರಡು ತುತ್ತು ಜಾಸ್ತಿ ಉಂಡ.

ಅದೇ ಹೊತ್ತಿಗೆ ದೊಡ್ಡ ನಕ್ಷೆ ಆಕಳಿಸಿ ಎದ್ದಿತು. ವಿಳಾಸ ಓದಿ ಖಾನೆ ಖಾನೆ ಇಣುಕಿತು. ಪಾಪ, ಅದಕ್ಕೆ ಓದೋಕೆ ಬರುತ್ತೆ, ಯೋಚನೆ ಮಾಡೋಕೆ ಬರೋದಿಲ್ಲ. ನಾಲ್ಕು ಬಾವಿಯ ಜಾಗದಲ್ಲಿ ನಾಲ್ಕು ಆನೆಲಾಯ ಬಂದು ಕೂತವು. ಮಠದ ಜಾಗಕ್ಕೆ ಕ್ಷೌರದಂಗಡಿ ಬಂತು, ಸ್ವಾಮಿಗಳು ಸರತಿಯಲ್ಲಿ ಕೂತರು. ಖಾಲಿ ಖಾನೆ ಸಿಕ್ಕ ಕಡೆ ಮಾತ್ರ ಮನೆಯೂ ಇಲ್ಲ, ಅಂಗಡಿಯೂ ಇಲ್ಲ. ಬರೀ ಅಕ್ಷರ ಎದ್ದು ನಿಂತವು, ಆಳೆತ್ತರದವು.

ಮುದ್ದಾಚಾರಿ ಊಟಕ್ಕೆ ಅಂತ ಮನೆಗೆ ಬಂದ. ಮನೆಯಿಲ್ಲ. ಮನೆಯ ಜಾಗದಲ್ಲಿ ಅಕ್ಷರಗಳು ಸಾಲಾಗಿ ನಿಂತಿವೆ: ‘ಮೂರನೇ ಪೆಟ್ಟಿಗೆ, ಎರಡನೇ ಖಾನೆ, ಸಿಗಲಿಲ್ಲ’.

“ಇಲ್ಲಿ ನನ್ನ ಮನೆಯಿತ್ತಲ್ಲಪ್ಪ?” ಅಂತ ಅಕ್ಷರಗಳನ್ನೇ ಕೇಳಿದ.

“ಸಿಗಲಿಲ್ಲ,” ಅಂದವು ಅಕ್ಷರಗಳು.

“ನನ್ನ ಹೆಂಡತಿ?”

“ಸಿಗಲಿಲ್ಲ.”

“ಹುಡುಕಿದಿರಾ?”

“ಮೂರನೇ ಪೆಟ್ಟಿಗೆ, ಎರಡನೇ ಖಾನೆ,” ಅಂದವು. ಅವುಗಳಿಗೆ ಗೊತ್ತಿದ್ದದ್ದೇ ಅಷ್ಟು. ಮುದ್ದಾಚಾರಿಯ ಹಸಿವು ಎಲ್ಲಿ ಹೋಯಿತೋ.

ರಾಜನ ಹತ್ತಿರ ಓಡಿದ. “ಮಹಾಸ್ವಾಮಿ, ಪೆಟ್ಟಿಗೆ ಸರಿಸಿದ್ದಕ್ಕೆ ಊರು ಹೋಯಿತು. ನನ್ನ ಹೆಂಡತಿಯೂ ಹೋದಳು.”

“ಊರು ಹೋದರೆ ಬರುತ್ತೆ,” ಅಂದ ಓರಣರಾಯ. “ಓರಣ ಹೋದರೆ ಬರುತ್ತಾ? ಪೆಟ್ಟಿಗೆ ಮುಟ್ಟಬೇಡ. ಬೇಕಾದರೆ ಹುಡುಕಿಕೋ.”

ಹುಡುಕಿದ. ಹಳೆಯ ಮೂರನೇ ಪೆಟ್ಟಿಗೆ ಈಗ ಒಂಬತ್ತನೆಯದು. ದೊಡ್ಡ ನಕ್ಷೆಯಲ್ಲಿ ಮೂರು ಹೊಡೆದುಹಾಕಿ ಒಂಬತ್ತು ಬರೆದ. ಬೀದಿಗೆ ಬಂದು ನೋಡಿದರೆ ಮನೆ ಇದೆ. ಊರಿನ ಮಿಕ್ಕ ವಿಳಾಸಗಳನ್ನ ನಾಳೆ ತಿದ್ದಿದರಾಯಿತು ಅಂದುಕೊಂಡ.

“ಎಲ್ಲಿ ಹೋಗಿದ್ರಿ ಇಷ್ಟು ಹೊತ್ತು? ಸಾರು ಆರಿ ತಣ್ಣಗಾಯ್ತು,” ಅಂದಳು ಚೆನ್ನಾಜಮ್ಮ. ಮನೆ ಕಳೆದದ್ದು ಅವಳಿಗೆ ಗೊತ್ತೇ ಇಲ್ಲ. ಅವಳ ಲೆಕ್ಕದಲ್ಲಿ ಕಳೆದುಹೋದವನು ಅವನು.

ಮಾರನೇ ದಿವಸ ರಾಜನಿಗೆ ಬಣ್ಣದ ಪ್ರಕಾರ ಜೋಡಿಸಬೇಕು ಅನ್ನಿಸಿತು. ಮನೆ ಹೋಯಿತು. ಮುದ್ದಾಚಾರಿ ನಾಲ್ಕನೇ ಪೆಟ್ಟಿಗೆಯಲ್ಲಿ ಹುಡುಕಿ ತಂದ. ಅದರ ಮಾರನೇ ದಿವಸ ತೂಕದ ಪ್ರಕಾರ. ಮತ್ತೆ ಹೋಯಿತು. ಈ ಸಲ ಹನ್ನೊಂದು ಪೆಟ್ಟಿಗೆ ತಡಕಿದರೂ ಇಲ್ಲ, ಹನ್ನೆರಡನೆಯದರ ತಳದಲ್ಲಿ ಸಿಕ್ಕಿತು. ಹಾಳೆಯನ್ನ ಎದೆಗೆ ಅವಚಿಕೊಂಡು ಮುದ್ದಾಚಾರಿ ನಕ್ಷೆಕೋಣೆಯಲ್ಲಿ ಕೂತು ಅತ್ತ. ಗಂಡಸರು ಅಳ್ತಾರಾ ಅಂತ ಕೇಳಬೇಡಿ. ಕಳಕೊಂಡು ನೋಡಿ, ಗೊತ್ತಾಗುತ್ತೆ.

ಅತ್ತು ಮುಗಿದ ಮೇಲೆ ಜನ್ಮದಲ್ಲಿ ಮಾಡದ ಕೆಲಸ ಮಾಡಿದ. ಹಾಳೆಯನ್ನ ಪಕ್ಕದಲ್ಲಿ ಇಟ್ಟುಕೊಂಡು, ಮನೆಯ ಒಂದೊಂದೇ ಗೆರೆ ನೋಡಿ ನೋಡಿ ದೊಡ್ಡ ನಕ್ಷೆಯ ಮೇಲೇ ಮಸಿಯಲ್ಲಿ ಬರೆದುಬಿಟ್ಟ. ಗೋಡೆ ಬರೆದ, ಒಲೆ ಬರೆದ, ಸೌಟು ಹಿಡಿದ ಚೆನ್ನಾಜಮ್ಮನನ್ನೂ ಬರೆದ. ವಿಳಾಸ ಅಳಿಸಿದ. ಹಾಳೆಯನ್ನ ಎರಡನೇ ಖಾನೆಗೆ ಹಾಕಿ ಪೆಟ್ಟಿಗೆ ಮುಚ್ಚಿದ. ಇನ್ನು ರಾಜ ಪೆಟ್ಟಿಗೆಗಳನ್ನ ತಲೆಕೆಳಗಾಗಿ ಜೋಡಿಸಿದರೂ ಇವನ ಮನೆ ಅಲ್ಲಾಡೋದಿಲ್ಲ.

ಮನೆಗೆ ಹೋದ. ಮನೆ ಇದೆ.

“ಬಂದ್ರಾ? ಕೈಕಾಲು ತೊಳ್ಕೊಳ್ಳಿ. ಹುರುಳಿಸಾರು ಮಾಡಿದ್ದೀನಿ,” ಅಂದಳು. ಉಂಡ. ನಿರುಮ್ಮಳವಾಗಿ ಮಲಗಿದ.

ಮಾರನೇ ದಿವಸ ಬಂದ. “ಬಂದ್ರಾ? ಕೈಕಾಲು ತೊಳ್ಕೊಳ್ಳಿ. ಹುರುಳಿಸಾರು ಮಾಡಿದ್ದೀನಿ.” ಉಂಡ. ಮೂರನೇ ದಿವಸವೂ ಉಂಡ, ನಾಲ್ಕನೇ ದಿವಸವೂ ಉಂಡ. ಐದನೇ ದಿವಸ ಕಾಲಿಗೆ ಏನೂ ತಾಗಲಿಲ್ಲ, ತಲೆಗೆ ಏನೂ ತಾಗಲಿಲ್ಲ ಅಂತ ಹೊಳೆಯಿತು. ಗೋಡೆಯೆಲ್ಲ ಹುಡುಕಿದ. ಹೊಸ ಗೂಟವಿಲ್ಲ, ಗಿಡವಿಲ್ಲ.

“ಏನೇ, ಏನೂ ಬರೀಲಿಲ್ಲವಾ?”

“ಬಂದ್ರಾ? ಕೈಕಾಲು ತೊಳ್ಕೊಳ್ಳಿ,” ಅಂದಳು.

ಅವಳಿಗೆ ಮೈ ಹುಷಾರಿಲ್ಲವೇನೋ ಅಂದುಕೊಂಡ. ಕಷಾಯ ಮಾಡಿಕೊಟ್ಟ. ಕುಡಿದಳು. ಲೋಟ ಕೆಳಗಿಟ್ಟು “ಬಂದ್ರಾ?” ಅಂದಳು.

ಎಂಟನೇ ದಿವಸ ಅವನು ನಕ್ಷೆಕೋಣೆಗೆ ಹೋದ. ಬರೆಯುವಾಗ ಯಾವುದೋ ಗೆರೆ ಬಿಟ್ಟಿದ್ದೀನಾ ನೋಡೋಣ ಅಂತ. ರಾಜ ಅಷ್ಟರಲ್ಲಿ ಮತ್ತೆ ಜೋಡಿಸಿ, ಹನ್ನೆರಡನೇ ಪೆಟ್ಟಿಗೆ ಆರನೆಯದಾಗಿತ್ತು. ಒಳಗೆ ಕಾಲಿಟ್ಟರೆ, ಅದರ ಬೀಗದ ಕಿಂಡಿಯಿಂದ ಕಪ್ಪಗೆ ಏನೋ ಇಳಿದು ನೆಲದ ಮೇಲೆ ಗೇಣುದ್ದ ಬಂದಿದೆ. ಗೆದ್ದಲು ಅಂದುಕೊಂಡ. ಬಗ್ಗಿ ನೋಡಿದರೆ ರಸ್ತೆ. ಬೆರಳಗಲದ, ಇದ್ದಲಿನಲ್ಲಿ ಬರೆದ ರಸ್ತೆ. ಇರುವೆಗಳು ಎಡಬದಿಯಲ್ಲಿ ಹೋಗ್ತಿದ್ದವು.

ಪೆಟ್ಟಿಗೆ ತೆರೆದ. ರಸ್ತೆ ಮುಚ್ಚಳದ ಒಳಗಡೆ ಹತ್ತಿ, ಖಾನೆಗೆ ಇಳಿದು, ಅವನ ಮನೆಯ ಹಾಳೆಗೆ ಸೇರಿತ್ತು. ಹಾಳೆಯಲ್ಲಿ ಮನೆಗೆ ಒಂದು ಉಯ್ಯಾಲೆ ಬಂದಿತ್ತು, ಮೆಣಸಿನಗಿಡ ಬಂದಿತ್ತು, ಕೂತು ಕಾಯೋಕೆ ಒಂದು ಜಗಲಿಯೂ ಬಂದಿತ್ತು. ಹೊಸ್ತಿಲಿನಿಂದ ಹೊರಟ ರಸ್ತೆ ಹಾಳೆಯ ಅಂಚಿನ ತನಕ ಬಂದು, ಹಾಳೆ ಮುಗಿದರೂ ನಿಂತಿರಲಿಲ್ಲ. ಗಂಡ ಬರಲಿಲ್ಲ ಅಂತ ಅವಳು ಹುಡುಕಿಕೊಂಡು ಹೊರಟಿದ್ದಳು. ಮನೆಯ ಇದ್ದಲೆಲ್ಲ ಸವೆದಿತ್ತು. ಹಾಳೆಯ ಮೂಲೆಯಲ್ಲಿ ಚೆನ್ನಾಜಮ್ಮ ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಅವಳಿಗೆ ಇವನು ಕಾಣಲಿಲ್ಲ. ಆಕಾಶದಷ್ಟು ದೊಡ್ಡದಾಗಿ ಬಗ್ಗಿ ನೋಡಿದರೆ ಅದು ಗಂಡ ಅಂತ ಯಾರಿಗೆ ತಿಳಿಯುತ್ತೆ.

ಮುದ್ದಾಚಾರಿ ಮನೆಗೆ ಹೋದ.

“ಬಂದ್ರಾ? ಕೈಕಾಲು ತೊಳ್ಕೊಳ್ಳಿ,” ಅಂದಳು ಮಸಿಯ ಚೆನ್ನಾಜಮ್ಮ.

“ಇಲ್ಲ ಕಣೇ,” ಅಂದ. “ನಾನು ಬಂದಿಲ್ಲ.”

ತಿರುಗಿ ಅರಮನೆಗೆ ಹೋಗಿ, ಚಾಕು ತಗೊಂಡು, ದೊಡ್ಡ ನಕ್ಷೆಯ ಮೇಲಿನ ಮನೆಯನ್ನ ಗೆರೆ ಗೆರೆಯಾಗಿ ಕೆರೆದುಹಾಕಿದ. ಆ ಜಾಗದಲ್ಲಿ ‘ಆರನೇ ಪೆಟ್ಟಿಗೆ, ಎರಡನೇ ಖಾನೆ’ ಅಂತ ಬರೆದ. ನಾಳೆ ಬೆಳಿಗ್ಗೆ ಇದೂ ಸುಳ್ಳಾಗಬಹುದು ಅಂತ ಗೊತ್ತಿತ್ತು. ಗೊತ್ತಿದ್ದೇ ಬರೆದ.

ಬೀದಿಗೆ ಬಂದರೆ ಚೆನ್ನಾಜಮ್ಮ ಎದುರಿಗೇ ಬಂದಳು, ಅಂಗೈ ಎರಡೂ ಕಪ್ಪು.

“ಎಂಟು ದಿವಸ ಎಲ್ಲಿ ಹಾಳಾಗಿ ಹೋಗಿದ್ರಿ?”

“ಇಲ್ಲೇ ಇದ್ದೆ. ನಿನ್ನ ಜೊತೇನೇ ಊಟ ಮಾಡ್ತಿದ್ದೆ.” ನಡೆದದ್ದೆಲ್ಲ ಹೇಳಿದ.

ಅವಳು ಕೇಳಿದಳು, “ಅವಳು ಏನು ಸಾರು ಮಾಡ್ತಿದ್ದಳು?”

“ಹುರುಳಿಸಾರು.”

“ಎಂಟು ದಿವಸಾನೂ?”

“ಎಂಟು ದಿವಸಾನೂ.”

“ನಾನಲ್ಲ ಅಂತ ಯಾವಾಗ ಅನುಮಾನ ಬಂತು?”

“ಐದನೇ ದಿವಸ.”

“ಐದನೇ ದಿವಸ,” ಅಂದಳು ಚೆನ್ನಾಜಮ್ಮ. ಆಮೇಲೆ ಕಪ್ಪು ಅಂಗೈ ಎತ್ತಿ ಅವನ ಎರಡೂ ಕೆನ್ನೆಗೆ ಒರೆಸಿದಳು. “ಕಳೆದುಹೋದರೆ ಹುಡುಕಬೇಕು ರೀ. ಮೊಳೆ ಹೊಡೆದು ಇಟ್ಕೊಳ್ಳಿ ಅಂತ ನಾನು ಕೇಳಿದ್ನಾ?” ಅಂದು ಅಳೋಕೆ ಶುರುಮಾಡಿದಳು. ಅವನೂ ಅತ್ತ. ಉಯ್ಯಾಲೆ ಸುಮ್ಮನೆ ತೂಗುತ್ತಿತ್ತು.

ಮಾರನೇ ಬೆಳಿಗ್ಗೆ ಓರಣರಾಯ ಪೆಟ್ಟಿಗೆಗಳನ್ನ ವಾಸನೆಯ ಪ್ರಕಾರ ಜೋಡಿಸೋಣ ಅಂತ ಬಂದ. ನೋಡಿದರೆ ರಸ್ತೆ ಹೊರಗೆ ಚಾಚಿಕೊಂಡಿದೆ. ಒಳಗೆ ತಳ್ಳಿದ, ಮತ್ತೆ ಬಂತು. ಮಡಿಸಿದ, ಬಿಚ್ಚಿಕೊಂಡಿತು. ಇದರ ಬುಡವನ್ನೇ ಸರಿಮಾಡ್ತೀನಿ ಅಂತ ರಸ್ತೆ ಹಿಡಿದು ಹೊರಟ. ಬೆರಳಗಲದ ರಸ್ತೆಯಲ್ಲಿ ನಡೆಯೋನು ಬೆರಳಷ್ಟು ಆಗಲೇಬೇಕು, ಆದ. ಬೀಗದ ಕಿಂಡಿ ದಾಟಿ, ಖಾನೆ ಇಳಿದು, ಹೊಸ್ತಿಲು ಹತ್ತಿ, ನೇರ ಚೆನ್ನಾಜಮ್ಮನ ಅಡುಗೆಮನೆಗೆ ಬಂದು ನಿಂತ.

“ಬನ್ನಿ ಬುದ್ಧಿ, ಮಣೆ ಮೇಲೆ ಕೂತ್ಕೊಳ್ಳಿ,” ಅಂದಳು ಅವಳು.

ರಾಜ ಕೂರಲಿಲ್ಲ. ಅವನ ಕಣ್ಣು ಪಾತ್ರೆಗಳ ಮೇಲೆ ಬಿದ್ದಿತ್ತು. ತಪ್ಪಲೆ ಪಕ್ಕ ಚಮಚ, ಚಮಚದ ಪಕ್ಕ ಕೊಳಗ. ತೋಳು ಮಡಚಿ ಜೋಡಿಸೋಕೆ ಕೂತ. ಅವನು ಜೋಡಿಸಿ ಮುಗಿಸುವ ಹೊತ್ತಿಗೆ ಅವಳಿಗೆ ಅನ್ನಕ್ಕೆ ಇಡೋಕೆ ನಡುವಿನ ತಪ್ಪಲೆ ಬೇಕಾಗುತ್ತೆ. ಎಳೆದುಕೊಳ್ಳುತ್ತಾಳೆ. ಅವನು ಮೊದಲಿನಿಂದ ಶುರುಮಾಡ್ತಾನೆ. ಮಂತ್ರಿಗಳು ಕರೆಯೋಕೆ ಬಂದರು. “ಇನ್ನು ಎರಡೇ ಲೋಟ,” ಅಂದ. ಇವತ್ತಿಗೂ ಅದನ್ನೇ ಅಂತಾನಂತೆ.

ಪೆಟ್ಟಿಗೆಗಳು ನಿಂತಲ್ಲೇ ನಿಂತವು. ಮುದ್ದಾಚಾರಿ ಊರಿನ ವಿಳಾಸಗಳನ್ನ ಒಂದೊಂದಾಗಿ ತಿದ್ದಿದ. ಆನೆಲಾಯಗಳು ಹೋಗಿ ಬಾವಿಗಳು ಬಂದವು. ಸ್ವಾಮಿಗಳು ಅರ್ಧ ಕ್ಷೌರದಲ್ಲಿ ಎದ್ದು ಮಠಕ್ಕೆ ಹೋದರು. ಆದರೂ ಊರವರಿಗೆ ಹೆದರಿಕೆ. ನಾಳೆ ರಾಜ ಲೋಟ ಮುಗಿಸಿ ಹೊರಗೆ ಬಂದರೆ ಏನು ಗತಿ? ನಮ್ಮ ಮನೆಗಳನ್ನೂ ಮಸಿಯಲ್ಲಿ ಬರೆದು ಗಟ್ಟಿಮಾಡು ಅಂತ ಸಾಲುಗಟ್ಟಿ ಬಂದರು.

“ಮಸಿ ಮನೆಯಲ್ಲಿ ನಾನು ಎಂಟು ದಿವಸ ಉಂಡಿದ್ದೀನಿ,” ಅಂದ ಮುದ್ದಾಚಾರಿ. “ಬೇಡ. ತಗೊಳ್ಳಿ,” ಅಂತ ಮನೆಗೊಂದು ಇದ್ದಲು ಚೂರು ಕೊಟ್ಟು ಕಳಿಸಿದ. ಈಗ ನಕ್ಷೆಕೋಣೆಯ ನೆಲದ ಮೇಲೆ ಕಾಲಿಡೋಕೆ ಜಾಗವಿಲ್ಲ, ಅಷ್ಟು ರಸ್ತೆಗಳು.

ಕತೆ ಅವರ ಮನೆ ಸೇರಿತು, ನೀವು ನಿಮ್ಮ ಕುರ್ಚಿ ಸೇರಿ. ನೀತಿ ಬೇಕಾದವರು ಕೈಯೆತ್ತಿ. ಸರಿ, ಬರಕೊಳ್ಳಿ: ಫೋಲ್ಡರ್ ಸರಿಸೋಕೆ ಮುಂಚೆ, ಒಳಗೆ ಯಾರಾದರೂ ಅಡುಗೆ ಮಾಡ್ತಾ ನಿಮಗೆ ಕಾಯ್ತಿದ್ದಾರಾ ಅಂತ ಒಂದು ಸಲ ಕೂಗಿ ಕೇಳಿ.